ಕೊರಿಯಾದ ಸೀರಮ್, ಗದುಗಿನ ಗಾಳಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಕೊರಿಯಾದ ಕ್ರೀಮು, ಸೀರಮ್‌ಗಳ ಬಗ್ಗೆ ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವರು ಕೇಳಿದ್ದು ‘ಇವುಗಳಲ್ಲಿ ಯಾವುದು ಒಳ್ಳೆಯದು’ ಎಂದು. ಯಾರ ಚರ್ಮಕ್ಕೆ, ಯಾವ ಊರಿನಲ್ಲಿ, ಯಾವ ತಿಂಗಳಲ್ಲಿ ಎಂಬುದನ್ನು ಬಿಟ್ಟು ಇದಕ್ಕೆ ಉತ್ತರ ಹೇಳಲಾಗದು. ಆದ್ದರಿಂದ ಪತ್ರಗಳನ್ನು ಒಂದೊಂದಾಗಿಯೇ ತೆಗೆದುಕೊಂಡಿದ್ದೇವೆ. ಬರೆದವರ ಹೆಸರು ಬಿಟ್ಟಿದ್ದೇವೆ.

ಪ್ರಶ್ನೆ: ಹಾಸ್ಟೆಲ್‌ನಲ್ಲಿ ನನ್ನ ರೂಮಿನವರೆಲ್ಲ ಸ್ನೇಲ್ ಮ್ಯೂಸಿನ್ ಹಚ್ಚುತ್ತಾರೆ. ನಾನೂ ಒಂದು ತಿಂಗಳಿಂದ ಹಚ್ಚುತ್ತಿದ್ದೇನೆ. ನನ್ನದು ಜಿಡ್ಡು ಮುಖ. ಹಣೆ, ಗದ್ದದ ಮೇಲೆ ಮೊಡವೆ ಮೊದಲಿಗಿಂತ ಹೆಚ್ಚಾಗಿವೆ. ‘ಅದು ಪರ್ಜಿಂಗ್, ಬಿಡಬೇಡ, ಆಮೇಲೆ ಕಡಿಮೆಯಾಗ್ತದ’ ಅಂತಾರೆ. ನಿಯಾಸಿನಮೈಡ್‌ಗೆ ಬದಲಾಯಿಸಲೇ?
(ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಸ್ನೇಲ್ ಬಾಟಲಿಯನ್ನು ಇವತ್ತೇ ಪಕ್ಕಕ್ಕಿಡಿ. ಪರ್ಜಿಂಗ್ ಆಗುವುದು ಚರ್ಮದ ಮೇಲ್ಪದರ ಬೇಗ ಬೇಗ ಉದುರುವಂತೆ ಮಾಡುವ ಪದಾರ್ಥಗಳಿಂದ ಮಾತ್ರ: ಸ್ಯಾಲಿಸಿಲಿಕ್ ಆಸಿಡ್, ಗ್ಲೈಕೋಲಿಕ್ ಆಸಿಡ್, ರೆಟಿನಾಲ್, ಅಡಾಪಲೀನ್ ಇಂಥವು. ಒಳಗೆ ಕಟ್ಟಿಕೊಂಡಿದ್ದ ಮೊಡವೆಗಳು ಒಟ್ಟಿಗೇ ಹೊರಬೀಳುತ್ತವೆ, ನಾಲ್ಕರಿಂದ ಆರು ವಾರದಲ್ಲಿ ಇಳಿಯುತ್ತವೆ. ಸ್ನೇಲ್ ಮ್ಯೂಸಿನ್ ಆ ಕೆಲಸ ಮಾಡುವುದಿಲ್ಲ. ಅದು ತೇವ ಹಿಡಿದಿಡುವ, ಬಸವನಹುಳುವಿನ ಲೋಳೆ, ಅಷ್ಟೇ. ಬಾಟಲಿಯ ಮೇಲೆ ‘96’ ಎಂದು ಬರೆದಿದ್ದರೂ ಅದು ಸೋಸಿದ ಲೋಳೆಯ ಪ್ರಮಾಣ. ಆ ಲೋಳೆಯಲ್ಲಿ ಬಹುಪಾಲು ನೀರೇ. ತೇವ ಕೊಡುವ ಪದಾರ್ಥ ಹಚ್ಚಿದ ಮೇಲೆ ಮೊಡವೆ ಹೆಚ್ಚಾದರೆ ಆ ಬಾಟಲಿ ನಿಮಗೆ ಒಗ್ಗಿಲ್ಲ ಎಂದೇ ತಿಳಿಯಿರಿ.

ಹೊಸದನ್ನು ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ಮುಖ ತೊಳೆದು, ಏನೂ ಹಚ್ಚದೆ ಒಂದು ತಾಸು ಬಿಡಿ. ಆಮೇಲೆ ತೆಳು ಟಿಶ್ಯೂ ಕಾಗದವನ್ನು ಹಣೆ, ಮೂಗು, ಕೆನ್ನೆಗೆ ಬೇರೆ ಬೇರೆಯಾಗಿ ಒತ್ತಿ ಬೆಳಕಿಗೆ ಹಿಡಿಯಿರಿ. ಎಲ್ಲ ಕಡೆ ಜಿಡ್ಡಿನ ಗುರುತು ಬಂದರೆ ಎಣ್ಣೆ ಚರ್ಮ. ಹಣೆ, ಮೂಗಿನಲ್ಲಿ ಮಾತ್ರ ಬಂದರೆ ಮಿಶ್ರ ಚರ್ಮ. ಕಾಗದಕ್ಕೆ ಜಿಡ್ಡು ಹತ್ತಿದರೂ ಮುಖ ಬಿಗಿದಂತೆ ಅನ್ನಿಸಿದರೆ ಚರ್ಮದ ಮೇಲಿನ ರಕ್ಷಣಾ ಪದರ ಕೆಟ್ಟಿದೆ ಎಂದರ್ಥ; ದಿನಕ್ಕೆ ನಾಲ್ಕೈದು ಸಲ ಸಾಬೂನು ಹಚ್ಚುವವರಲ್ಲಿ ಇದು ಬಹಳ. ಅಂಥವರು ಎರಡು ವಾರ ಸೌಮ್ಯ ಫೇಸ್‌ವಾಶ್ ಮತ್ತು ಹಗುರ ಕ್ರೀಮ್ ಬಿಟ್ಟು ಬೇರೇನೂ ಮುಟ್ಟಬಾರದು.

ಎಣ್ಣೆ ಚರ್ಮವೇ ಆಗಿದ್ದರೆ ನಿಯಾಸಿನಮೈಡ್ ಸರಿಯಾದ ಆಯ್ಕೆ. ಅದು ವಿಟಮಿನ್ ಬಿ3. ಜಿಡ್ಡನ್ನು ತಕ್ಕಮಟ್ಟಿಗೆ ತಗ್ಗಿಸುತ್ತದೆ, ಮೊಡವೆ ಹೋದ ಮೇಲೆ ಉಳಿಯುವ ಕಪ್ಪು ಕಲೆಗೂ ಉಪಯೋಗ. ಆದರೆ ಶೇ. 10ರ ಬಾಟಲಿಯ ಹಿಂದೆ ಬೀಳಬೇಡಿ. ಕಲೆ ತಿಳಿಗೊಳಿಸುವ ಕ್ರೀಮುಗಳಿಗೆ ಕೊರಿಯಾದ ಔಷಧ ನಿಯಂತ್ರಣ ಇಲಾಖೆ ಗೊತ್ತುಮಾಡಿದ ನಿಯಾಸಿನಮೈಡ್ ಪ್ರಮಾಣವೇ ಶೇ. 2ರಿಂದ 5. ಅದಕ್ಕೂ ಮೇಲೆ ಹೋದರೆ ಲಾಭ ಅಷ್ಟೇನೂ ಹೆಚ್ಚುವುದಿಲ್ಲ; ಕೆಲವರಿಗೆ ಚುಮುಚುಮು, ಕೆಂಪು ಮಾತ್ರ ಹೆಚ್ಚುತ್ತದೆ. ಶೇ. 10ರದ್ದು ಈಗಾಗಲೇ ಮನೆಯಲ್ಲಿದ್ದರೆ ಎರಡು ಹನಿಯನ್ನು ಅಷ್ಟೇ ಕ್ರೀಮಿಗೆ ಬೆರೆಸಿ ಹಚ್ಚಿ.

ಕ್ರಮ ಹೀಗಿರಲಿ. ಬೆಳಿಗ್ಗೆ ಫೇಸ್‌ವಾಶ್, ಎರಡು ಹನಿ ನಿಯಾಸಿನಮೈಡ್, ಎಣ್ಣೆರಹಿತ ಕ್ರೀಮ್, ಸನ್‌ಸ್ಕ್ರೀನ್. ಮೂರು ವಾರ ಇಷ್ಟೇ. ಚರ್ಮ ತಡೆದುಕೊಂಡರೆ ವಾರಕ್ಕೆ ಎರಡು ರಾತ್ರಿ ಶೇ. 2ರ ಸ್ಯಾಲಿಸಿಲಿಕ್ ಆಸಿಡ್ ಸೇರಿಸಿ. ಜಿಡ್ಡಿನಲ್ಲಿ ಕರಗಿ ರಂಧ್ರದೊಳಕ್ಕೆ ಇಳಿಯುವುದು ಅದೇ. ಕೆಂಪು ಮೊಡವೆಗೆ ಹಾರ್ಟ್‌ಲೀಫ್ ಎಂಬ ಗಿಡದ ಸಾರವಿರುವ ಟೋನರ್ (ಮುಖ ತೊಳೆದ ಮೇಲೆ ಹಚ್ಚುವ ನೀರಿನಂಥ ದ್ರವ) ತಂಪು ಕೊಡಬಹುದು. ಅದು ಸಹಾಯಕ, ಮುಖ್ಯ ಕೆಲಸ ಮೇಲಿನ ಎರಡರದ್ದೇ.

ಹಣೆಯ ಮೇಲಿನವು ಒಂದೇ ಅಳತೆಯ ಸಣ್ಣ ಸಣ್ಣ ಗುಳ್ಳೆಗಳಾಗಿದ್ದು ತುರಿಸುತ್ತಿವೆಯೇ? ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಹಾಗೇ ಮಲಗುತ್ತೀರಾ? ಹಾಗಿದ್ದರೆ ಅದು ಮೊಡವೆಯೇ ಅಲ್ಲ, ಮಲಸೇಜಿಯಾ ಎಂಬ ಶಿಲೀಂಧ್ರದ ಕಾಟವಿರಬಹುದು. ಎಣ್ಣೆಯಲ್ಲಿನ ಕೊಬ್ಬೇ ಅದರ ಆಹಾರ. ಯಾವ ಕೊರಿಯನ್ ಸೀರಮ್ಮೂ ಇದನ್ನು ಇಳಿಸದು, ವೈದ್ಯರು ಕೊಡುವ ಶಿಲೀಂಧ್ರನಾಶಕ ಬೇಕು.

ಪ್ರಶ್ನೆ: ಹೈಲುರಾನಿಕ್ ಆಸಿಡ್ ಹಚ್ಚಿದರೆ ಒಣ ಚರ್ಮ ಮೃದುವಾಗುತ್ತದೆ ಎಂದು ಕೇಳಿ ತರಿಸಿದೆ. ಹಚ್ಚಿದ ಅರ್ಧ ತಾಸಿಗೆ ಮುಖ ಇನ್ನೂ ಬಿಗಿಯುತ್ತದೆ. ಬಾಟಲಿ ನಕಲಿಯೇ?
(ಶಿಕ್ಷಕಿ, ಗದಗ)

ಉತ್ತರ: ಬಾಟಲಿ ಅಸಲಿಯೇ ಇರಬಹುದು. ದೋಷ ಹಚ್ಚಿದ ರೀತಿಯದು, ಊರಿನ ಗಾಳಿಯದೂ ಹೌದು. ಹೈಲುರಾನಿಕ್ ಆಸಿಡ್ ನೀರನ್ನು ಹಿಡಿದಿಡುತ್ತದೆ, ತಾನಾಗಿ ನೀರನ್ನು ತಯಾರಿಸುವುದಿಲ್ಲ. ಸೋಲ್‌ನ ಬೇಸಿಗೆಯ ತೇವದ ಗಾಳಿಗೆ ಅದೊಂದೇ ಸಾಕಾದೀತು. ಗದುಗಿನಲ್ಲಿ ದೀಪಾವಳಿ ಕಳೆದು ಶಿವರಾತ್ರಿವರೆಗೆ ಬೀಸುವ ಒಣ ಗಾಳಿಗೆ ಒಣಗಿದ ಮುಖದ ಮೇಲೆ ಹಚ್ಚಿ ಹಾಗೇ ಬಿಟ್ಟರೆ, ಇದ್ದ ತೇವವೂ ಆರಿಹೋಗುತ್ತದೆ.

ಮುಖ ತೊಳೆದ ಒಂದು ನಿಮಿಷದೊಳಗೆ, ಟವೆಲ್ಲಿನಿಂದ ಒತ್ತಿ ಇನ್ನೂ ಹಸಿ ಇರುವಾಗಲೇ ಮೂರು ಹನಿ ಹಚ್ಚಿ. ಅದು ಆರುವುದಕ್ಕೆ ಬಿಡದೆ ಮೇಲೆ ಸೆರಮೈಡ್ ಕ್ರೀಮ್, ಒಂದು ದೊಡ್ಡ ಅವರೆ ಕಾಳಿನಷ್ಟು. ರಾತ್ರಿ ಕೆನ್ನೆಗೆ, ತುಟಿಯ ಅಂಚಿಗೆ ಅಕ್ಕಿ ಕಾಳಿನಷ್ಟು ಪೆಟ್ರೋಲಿಯಂ ಜೆಲ್ಲಿ ಸವರಿ. ಎರಡರಲ್ಲಿ ಒಂದನ್ನೇ ಕೊಳ್ಳುವಷ್ಟು ದುಡ್ಡಿದ್ದರೆ ಸೆರಮೈಡ್ ಕ್ರೀಮನ್ನೇ ಕೊಳ್ಳಿ, ಹೈಲುರಾನಿಕ್ ಬಿಡಿ. ಚರ್ಮದ ಮೇಲ್ಪದರದ ಕೋಶಗಳ ನಡುವಿನ ಕೊಬ್ಬಿನಲ್ಲಿ ಸುಮಾರು ಅರ್ಧದಷ್ಟು ಸೆರಮೈಡ್‌ಗಳೇ. ಇಟ್ಟಿಗೆಯ ನಡುವಿನ ಗಾರೆಯಂತೆ ಅವು ನೀರು ಸೋರದಂತೆ ತಡೆಯುತ್ತವೆ. ಒಣ ಚರ್ಮದಲ್ಲಿ ಆ ಗಾರೆಯೇ ಕಡಿಮೆಯಾಗಿರುತ್ತದೆ. ಲೇಬಲ್‌ನಲ್ಲಿ ‘ಸೆರಮೈಡ್ ಎನ್‌ಪಿ’, ‘ಎಪಿ’, ‘ಇಒಪಿ’ ಎಂಬ ಹೆಸರುಗಳನ್ನು ಹುಡುಕಿ, ಜೊತೆಗೆ ಕೊಲೆಸ್ಟೆರಾಲ್ ಇದ್ದರೆ ಇನ್ನೂ ಒಳ್ಳೆಯದು. ಪಟ್ಟಿಯಲ್ಲಿ ಇವು ಕೆಳಗಿದ್ದರೆ ಚಿಂತೆ ಬೇಡ, ಇವನ್ನು ಹಾಕುವುದೇ ಅಲ್ಪ ಪ್ರಮಾಣದಲ್ಲಿ.

ಇನ್ನೊಂದು ಮಾತು ನೀರಿನದು. ನಳದ ನೀರು ಬಾರದ ದಿನಗಳಲ್ಲಿ ಬೋರಿನ ಸವಳು ನೀರಿಗೆ ಸಾಬೂನು ಹಚ್ಚಿದರೆ ನೊರೆ ಬರುವುದಿಲ್ಲ, ಬದಲಿಗೆ ಬಿಳಿ ಕಶ್ಮಲ ಕಟ್ಟುತ್ತದೆ. ಬಕೆಟ್ಟಿನ ಅಂಚಿಗೆ ಅಂಟುವ ಅದೇ ಪದರ ಮುಖಕ್ಕೂ ಅಂಟಿ ಚರ್ಮವನ್ನು ಒಣಗಿಸುತ್ತದೆ. ಸಾಬೂನು ಬಿಟ್ಟು, ಪಿಎಚ್ 5.5ರ ಆಸುಪಾಸಿನ ಫೇಸ್‌ವಾಶ್ ಬಳಸಿ, ಕೊನೆಯ ಒಂದು ತಂಬಿಗೆ ಮಾತ್ರ ಕುಡಿಯುವ ನೀರಿನಿಂದ ತೊಳೆಯಿರಿ. ಬಿಸಿ ನೀರು ಮುಖಕ್ಕೆ ಬೇಡವೇ ಬೇಡ.

ಪ್ರಶ್ನೆ: ಅಕ್ಕಾರ, ನಾನು ಮೆಣಸಿನಕಾಯಿ ತುಂಬು ಮುರಿಯೋ ಕೆಲಸಕ್ಕ ಹೋಗ್ತೀನಿ. ಸಂಜಿಕ ಮುಖಾ ತೊಳಕೊಂಡರೂ ಉರಿ ಹೋಗೂದಿಲ್ಲ, ಕೆನ್ನಿ ಕೆಂಪಗಾಗ್ತಾವ. ಮಗಳು ವಿಟಮಿನ್ ಸಿ ಸೀರಮ್ ತಂದುಕೊಟ್ಟಾಳ. ಅದನ್ನ ಹಚ್ಚಿದ್ರ ಇನ್ನೂ ಉರೀತೈತಿ.
(ಬ್ಯಾಡಗಿ)

ಉತ್ತರ: ಅಕ್ಕಾ, ಮಗಳ ಪ್ರೀತಿ ದೊಡ್ಡದು, ಆದರೆ ಆ ಸೀರಮ್ ಈಗ ಬೇಡ. ಅಪ್ಪಟ ವಿಟಮಿನ್ ಸಿ ಹುಳಿ ಪದಾರ್ಥ. ಉರಿಯುವ ಚರ್ಮಕ್ಕೆ ಅದು ಹುಣ್ಣಿಗೆ ನಿಂಬೆ ಹಿಂಡಿದಂತೆ.

ನಿಮ್ಮ ತೊಂದರೆ ಶುರುವಾಗುವುದು ಬೆರಳಿನಿಂದ. ಬ್ಯಾಡಗಿ ಕಾಯಿ ಖಾರಕ್ಕಿಂತ ಬಣ್ಣಕ್ಕೆ ಹೆಸರಾದದ್ದು ನಿಜ. ಆದರೂ ಅದರಲ್ಲಿ ಕ್ಯಾಪ್ಸೈಸಿನ್ ಇದ್ದೇ ಇದೆ, ಮಾರುಕಟ್ಟೆಗೆ ಬರುವ ಬೇರೆ ಜಾತಿಯ ಕಾಯಿಗಳಲ್ಲಿ ಇನ್ನೂ ಹೆಚ್ಚು. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗದು, ಎಣ್ಣೆಯಲ್ಲಿ ಕರಗುತ್ತದೆ. ಬರೀ ನೀರಿನಲ್ಲಿ ಕೈ ತೊಳೆದು ಅದೇ ಕೈಯಿಂದ ಮುಖ ಉಜ್ಜಿದರೆ ಖಾರವನ್ನು ಮುಖಕ್ಕೆ ಬಳಿದಂತೆಯೇ. ಕೆಲಸ ಬಿಟ್ಟ ಕೂಡಲೇ ಒಣ ಕೈಗೆ ಒಂದು ಚಮಚ ಶೇಂಗಾ ಎಣ್ಣೆ ಹಾಕಿಕೊಳ್ಳಿ. ಬೆರಳ ಸಂದಿ, ಉಗುರಿನ ಸುತ್ತ, ಉಗುರಿನ ಕೆಳಗೆ ಒಂದು ನಿಮಿಷ ತಿಕ್ಕಿ. ಎಣ್ಣೆ ಕೆಂಪಗೆ ತಿರುಗುವುದು ಕಣ್ಣಿಗೇ ಕಾಣುತ್ತದೆ. ಅದನ್ನು ಹಳೇ ಬಟ್ಟೆಯಿಂದ ಒರೆಸಿ, ಪಾತ್ರೆ ತೊಳೆಯುವ ಸೋಪಿನಿಂದ ಎರಡು ಸಲ ತೊಳೆಯಿರಿ. ಆಮೇಲೆ ಮುಖಕ್ಕೆ ಕೈ ಹಾಕಿ. ಕೊರಿಯಾದವರು ಮೊದಲು ಎಣ್ಣೆ, ಆಮೇಲೆ ಫೇಸ್‌ವಾಶ್ ಎಂದು ಎರಡು ಸಲ ಮುಖ ತೊಳೆಯುವುದರ ಹಿಂದೆ ಇರುವುದೂ ಇದೇ ಲೆಕ್ಕ: ಜಿಡ್ಡಿಗೆ ಅಂಟಿದ್ದು ಜಿಡ್ಡಿನಿಂದಲೇ ಬಿಡುತ್ತದೆ. ಮುಖಕ್ಕೆ ಕಟ್ಟಿಕೊಳ್ಳುವ ಬಟ್ಟೆಯನ್ನು ದಿನಾ ಒಗೆಯಿರಿ. ನಿನ್ನೆಯ ಖಾರದ ಧೂಳು ಅದರಲ್ಲೇ ಕೂತಿರುತ್ತದೆ.

ಹಚ್ಚಲಿಕ್ಕೆ ‘ಸಿಕಾ’ ಕ್ರೀಮ್ ತರಿಸಿ. ಸಿಕಾ ಎಂದರೆ ಸೆಂಟೆಲ್ಲಾ ಏಷ್ಯಾಟಿಕಾ, ನಮ್ಮ ಒಂದೆಲಗ. ಅದರಲ್ಲಿರುವ ಮೆಡೆಕಾಸೋಸೈಡ್, ಏಷ್ಯಾಟಿಕೋಸೈಡ್ ಎಂಬ ಅಂಶಗಳು ಕೆರಳಿದ ಚರ್ಮವನ್ನು ತಣಿಸುತ್ತವೆ. ಜೊತೆಗೆ ತೇವ ಹಿಡಿದಿಟ್ಟು ಚರ್ಮ ತಣಿಸುವ ಪ್ಯಾಂಥೆನಾಲ್ ಇರುವ ಕ್ರೀಮಾದರೆ ಒಳ್ಳೆಯದು, ಸುವಾಸನೆ, ಆಲ್ಕೋಹಾಲ್, ಟೀ ಟ್ರೀ ಎಣ್ಣೆ ಇರಬಾರದು. ರಾತ್ರಿ ಒಮ್ಮೆ, ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಒಮ್ಮೆ. ಹಿತ್ತಲಿನ ಒಂದೆಲಗ ಅರೆದು ಮುಖಕ್ಕೆ ಮೆತ್ತಬೇಡಿ. ಹಸಿ ರಸದ ಶಕ್ತಿ ಎಷ್ಟೆಂದು ಅಳೆಯಲಾಗದು, ಎಲೆಗೆ ಅಂಟಿದ ಮಣ್ಣು, ಸೂಕ್ಷ್ಮಜೀವಿ ಕೆರಳಿದ ಚರ್ಮದೊಳಕ್ಕೆ ಇಳಿಯುತ್ತವೆ.

ಪ್ರಶ್ನೆ: ನಮ್ಮ ಅಪ್ಪಾಜಿ ಹೊಲದ ಕೆಲಸ ಮಾಡುವವರು. ಮಳೆಗಾಲ ಬಂದರೆ ಕಣ್ಣಿನ ರೆಪ್ಪೆ, ಕುತ್ತಿಗೆ, ಮೊಣಕೈ ಒಳಗೆಲ್ಲ ತುರಿಕೆ. ‘ಮಗ್‌ವರ್ಟ್ ಸೂಕ್ಷ್ಮ ಚರ್ಮಕ್ಕೆ ತಂಪು’ ಎಂದು ಓದಿ ನನ್ನ ಕ್ರೀಮನ್ನೇ ಅವರಿಗೆ ಹಚ್ಚಿದೆ. ಮರುದಿನ ಮುಖ ಊದಿಕೊಂಡಿತು.
(ಕುಂದಗೋಳ ತಾಲೂಕು)

ಉತ್ತರ: ನಮ್ಮ ಭಾಗದ ಪ್ರತಿಯೊಬ್ಬ ಓದುಗರೂ ಈ ಉತ್ತರ ಓದಬೇಕು. ನೀವು ಹೇಳಿದ ಲಕ್ಷಣಗಳು ಕಾಂಗ್ರೆಸ್ ಕಸದ ಅಲರ್ಜಿಯನ್ನು ಹೋಲುತ್ತವೆ. 1950ರ ದಶಕದಲ್ಲಿ ಪುಣೆಯಲ್ಲಿ ಗುರುತಿಸಲಾದ ಆ ಗಿಡ ಈಗ ನಮ್ಮ ಪ್ರತಿ ಬದುವಿನ ಮೇಲಿದೆ. ಅದರ ಒಣ ಪುಡಿ ಗಾಳಿಯಲ್ಲಿ ಹಾರಿ ಬಟ್ಟೆ ಮುಚ್ಚದ ಜಾಗದ ಮೇಲೆ ಕೂರುತ್ತದೆ. ಆದ್ದರಿಂದಲೇ ರೆಪ್ಪೆ, ಕುತ್ತಿಗೆ, ಮೊಣಕೈ.

ಮಗ್‌ವರ್ಟ್ ಅದೇ ಕುಟುಂಬದ ಗಿಡ. ಕೊರಿಯಾದಲ್ಲಿ ಅದನ್ನು ‘ಸ್ಸುಕ್’ ಎನ್ನುತ್ತಾರೆ, ಲೇಬಲ್‌ನಲ್ಲಿ ‘ಆರ್ಟೆಮಿಸಿಯಾ’ ಎಂದಿರುತ್ತದೆ. ನಮ್ಮ ದವನ ಕೂಡ ಆರ್ಟೆಮಿಸಿಯಾವೇ. ಸೇವಂತಿಗೆ, ಚೆಂಡುಹೂವು, ಸೂರ್ಯಕಾಂತಿ, ಕುಸುಬಿ ಎಲ್ಲವೂ ಅದೇ ಕುಟುಂಬದವು. ಈ ಕುಟುಂಬದ ಗಿಡಗಳಲ್ಲಿ ಸೆಸ್ಕ್ವಿಟರ್ಪೀನ್ ಲ್ಯಾಕ್ಟೋನ್ ಎಂಬ ಒಂದೇ ಗುಂಪಿನ ರಾಸಾಯನಿಕಗಳಿರುತ್ತವೆ. ದೇಹ ಒಂದರ ಮೇಲೆ ಮುನಿಸಿಕೊಂಡರೆ ಇನ್ನೊಂದನ್ನು ಕಂಡಾಗಲೂ ಕೆರಳಬಹುದು. ಉಳಿದವರಿಗೆ ತಂಪಾದ ಮಗ್‌ವರ್ಟ್ ನಿಮ್ಮ ತಂದೆಗೆ ಬೆಂಕಿಯಾದದ್ದು ಹೀಗಿರಬೇಕು.

ಅಂಥವರು ಲೇಬಲ್‌ನಲ್ಲಿ ಆರ್ಟೆಮಿಸಿಯಾ, ಕ್ಯಾಮೊಮೈಲ್, ಕ್ಯಾಲೆಂಡುಲಾ, ಆರ್ನಿಕಾ ಕಂಡರೆ ಕೊಳ್ಳಬಾರದು. ‘ಸೂಕ್ಷ್ಮ ಚರ್ಮಕ್ಕೆ’ ಎಂದು ದಪ್ಪ ಅಕ್ಷರದಲ್ಲಿ ಬರೆದ ಬಾಟಲಿಗಳಲ್ಲೇ ಇವು ಹೆಚ್ಚು. ಒಂದೆಲಗ ಕೊತ್ತಂಬರಿ, ಗಜ್ಜರಿಯ ಕುಟುಂಬ, ಹಾರ್ಟ್‌ಲೀಫ್ ಮತ್ತೊಂದು. ಆದರೂ ಈಗಿನ ಸ್ಥಿತಿಯಲ್ಲಿ ಯಾವ ಗಿಡದ ಸಾರವೂ ಬೇಡ. ಗಿಡದ ಅಂಶವಿಲ್ಲದ ಸೆರಮೈಡ್ ಅಥವಾ ಪ್ಯಾಂಥೆನಾಲ್ ಕ್ರೀಮ್ ಸಾಕು. ಹೊಲದಿಂದ ಬಂದೊಡನೆ ಸ್ನಾನ, ಬಟ್ಟೆ ಬದಲಾವಣೆ. ಆ ಬಟ್ಟೆಯನ್ನು ಹಾಸಿಗೆಯ ಹತ್ತಿರ ತರಬಾರದು, ಬಯಲಲ್ಲಿ ಒಣಹಾಕುವಾಗಲೂ ಕಸವಿಲ್ಲದ ಜಾಗ ನೋಡಿ. ಒಣಗಿದ ಕಾಂಗ್ರೆಸ್ ಕಸವನ್ನು ಅವರು ಕೀಳಬಾರದು, ಸುಡಲೂ ಬಾರದು. ಊತ ಇಳಿದ ಮೇಲೆ ದೊಡ್ಡ ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ಪ್ಯಾಚ್ ಟೆಸ್ಟ್ ಬಗ್ಗೆ ಕೇಳಿ. ಬೆನ್ನಿಗೆ ಪಟ್ಟಿ ಅಂಟಿಸಿ ಎರಡು ದಿನ ಬಿಟ್ಟು ನೋಡುತ್ತಾರೆ. ಕಾರಣ ಯಾವುದೆಂದು ಖಚಿತವಾಗುತ್ತದೆ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಸ್ನೇಲ್ ಎಂದರೆ ಬಸವನಹುಳು ಎಂದು ತಿಳಿದ ಮೇಲೆ ಮನಸ್ಸು ಒಪ್ಪುತ್ತಿಲ್ಲ. ಬೇರೆ ಯಾವುದರಲ್ಲಿ ಪ್ರಾಣಿಮೂಲ ಇರುತ್ತದೆ?
(ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ಪ್ರೊಪೊಲಿಸ್ ಜೇನುಹುಳು ಗೂಡಿಗೆ ಮೆತ್ತುವ ಅಂಟು. ರಾಯಲ್ ಜೆಲ್ಲಿ, ಜೇನುಮೇಣ ಗೊತ್ತೇ ಇವೆ. ಕೊಲಾಜೆನ್ ಹೆಚ್ಚಾಗಿ ಮೀನಿನದು. ಈಚೆಗೆ ಬಹಳ ಹೆಸರು ಮಾಡಿರುವ ಪಿಡಿಆರ್‌ಎನ್ ಸಾಮಾನ್ಯವಾಗಿ ಸಾಲ್ಮನ್ ಮೀನಿನ ಡಿಎನ್‌ಎ. ಅದನ್ನು ಸೂಜಿಯಿಂದ ಕೊಡುವುದೇ ಬೇರೆ, ಮೇಲೆ ಹಚ್ಚುವುದೇ ಬೇರೆ, ಹಚ್ಚುವುದಕ್ಕೆ ಅಷ್ಟು ದುಡ್ಡು ಸುರಿಯಬೇಕಿಲ್ಲ. ಚರ್ಮದ ತೇವ ಕಾಯುವ ಸ್ಕ್ವಾಲೇನ್ ಎಣ್ಣೆ ಆಲಿವ್ ಅಥವಾ ಕಬ್ಬಿನದಾದರೆ ಸರಿ, ಶಾರ್ಕ್ ಮೀನಿನದೂ ಇದೆ. ಹೈಲುರಾನಿಕ್ ಆಸಿಡ್ ಈಗ ಬಹುಮಟ್ಟಿಗೆ ಹುದುಗಿಸಿ ತಯಾರಿಸಿದ್ದು. ಬಸವನಹುಳುವಿನ ಬದಲಿಗೆ ಪ್ಯಾಂಥೆನಾಲ್, ಬೀಟಾ ಗ್ಲೂಕನ್, ಒಂದೆಲಗ ಇರುವ ಸೀರಮ್ ಕೊಂಡರೆ ನೀವು ಕಳೆದುಕೊಳ್ಳುವುದು ಏನೂ ಇಲ್ಲ. ಜೇನಿನ ಪದಾರ್ಥ ಒಗ್ಗದವರು ಪ್ರೊಪೊಲಿಸ್‌ನಿಂದ ದೂರವಿರಿ. ಅಲರ್ಜಿ ಮಾಡುವುದರಲ್ಲಿ ಅದು ಮುಂದು.

ಪ್ರಶ್ನೆ: ಅಕ್ಕಿ ಟೋನರ್ ಅಷ್ಟು ದುಬಾರಿ ಯಾಕೆ? ಅಕ್ಕಚ್ಚು ಸಾಲದೇ?
(ಹಾನಗಲ್ಲ)

ಉತ್ತರ: ಮಂಕಾದ, ಸಾಧಾರಣ ಚರ್ಮಕ್ಕೆ ಅಕ್ಕಿಯ ಸಾರ ಹಿತ. ಎರಡರಲ್ಲೂ ಅಕ್ಕಿ ಇದ್ದರೂ ಬಾಟಲಿಯದಕ್ಕೆ ಕೆಡದಂತೆ ಸಂರಕ್ಷಕ ಹಾಕಿರುತ್ತಾರೆ, ಸಾಮಾನ್ಯವಾಗಿ ನಿಯಾಸಿನಮೈಡ್, ಗ್ಲಿಸರಿನ್ ಕೂಡ. ಮುಖಕ್ಕೆ ಕಾಣುವ ಹೊಳಪು ಬಹುಪಾಲು ಆ ಜೊತೆಗಾರರದು. ಅಕ್ಕಚ್ಚು ಬಳಸುವುದಾದರೆ ಮೊದಲ ತೊಳೆತದ ನೀರು ಚೆಲ್ಲಿ, ಎರಡನೆಯದನ್ನು ಕುದಿಸಿ ಆರಿಸಿದ ನೀರಿನಿಂದ ಮಾಡಿ, ಆವತ್ತೇ ಬಳಸಿ ಮುಗಿಸಿ. ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಎರಡು ದಿನ ಹುಳಿ ಬರಿಸಿದ ನೀರಿನಲ್ಲಿ ಏನೇನು ಬೆಳೆದಿದೆಯೋ ಹೇಳಲಾಗದು, ಮೊಡವೆ ಇದ್ದವರು ಅದನ್ನು ಮುಟ್ಟಲೇಬಾರದು.

ಪ್ರಶ್ನೆ: ಎರಡೂ ಕೆನ್ನೆ ಮೇಲೆ ಬಂಗು. ಎರಡನೇ ಹೆರಿಗೆ ನಂತರ ಬಂದದ್ದು ಐದು ವರ್ಷವಾದರೂ ಹೋಗಿಲ್ಲ. ಆರ್ಬುಟಿನ್, ಟ್ರನೆಕ್ಸಾಮಿಕ್, ನಿಯಾಸಿನಮೈಡ್ ಮೂರರಲ್ಲಿ ಯಾವುದು?
(ರಾಣೆಬೆನ್ನೂರು)

ಉತ್ತರ: ಶೇ. 5ರ ನಿಯಾಸಿನಮೈಡ್‌ನಿಂದ ಶುರುಮಾಡಿ, ಒಂದು ತಿಂಗಳು ಕಳೆದ ಮೇಲೆ ರಾತ್ರಿಗೆ ಶೇ. 3ರಿಂದ 5ರ ಟ್ರನೆಕ್ಸಾಮಿಕ್ ಆಸಿಡ್ ಅಥವಾ ಶೇ. 2ರ ಆಲ್ಫಾ ಆರ್ಬುಟಿನ್ ಸೇರಿಸಿ. ಎರಡರಲ್ಲಿ ಒಂದು ಸಾಕು. ಫಲ ಕಾಣಲು ಎಂಟರಿಂದ ಹನ್ನೆರಡು ವಾರ ಬೇಕು, ಮೂರನೇ ವಾರಕ್ಕೇ ಬಾಟಲಿ ಬದಲಿಸುವವರಿಗೆ ಯಾವುದೂ ಹತ್ತುವುದಿಲ್ಲ.

ಆದರೆ ಬಂಗಿನ ಚಿಕಿತ್ಸೆಯಲ್ಲಿ ಸೀರಮ್ ಎರಡನೆಯದು, ಸನ್‌ಸ್ಕ್ರೀನ್ ಮೊದಲನೆಯದು. ಕೊರಿಯಾದ ಎಸ್‌ಪಿಎಫ್ 50+, ಪಿಎ++++ (ಎರಡೂ ಬಿಸಿಲಿನಿಂದ ಎಷ್ಟು ರಕ್ಷಣೆ ಎಂಬುದರ ಅಳತೆ) ಸನ್‌ಸ್ಕ್ರೀನ್ ಹಗುರವಾಗಿರುವುದರಿಂದ ದಿನಾ ಹಚ್ಚಲು ಬೇಸರವಾಗದು. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಗೆರೆ ಎಳೆದಷ್ಟು ಪ್ರಮಾಣ ಮುಖ, ಕುತ್ತಿಗೆಗೆ ಬೇಕು. ಕಡಲೆ ಕಾಳಿನಷ್ಟು ಹಚ್ಚಿದರೆ ಬಾಟಲಿ ಮೇಲಿನ 50 ಎಂಬ ಅಂಕಿ ಲೆಕ್ಕಕ್ಕೆ ಬರುವುದಿಲ್ಲ. ಬಿಸಿಲಲ್ಲಿದ್ದರೆ ಎರಡು ತಾಸಿಗೊಮ್ಮೆ ಮತ್ತೆ ಹಚ್ಚಿ. ಬಂಗನ್ನು ಕಪ್ಪಾಗಿಸುವುದರಲ್ಲಿ ಕಣ್ಣಿಗೆ ಕಾಣುವ ಬೆಳಕಿನ ಪಾಲೂ ಇದೆ. ಅದನ್ನು ತಡೆಯುವುದು ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣದ ಸನ್‌ಸ್ಕ್ರೀನ್, ಬಿಳಿಯದಲ್ಲ. ಒಲೆಯ ಝಳವೂ ಬಂಗನ್ನು ಕೆರಳಿಸಬಹುದು. ದಿನಾ ಇಪ್ಪತ್ತು ಮೂವತ್ತು ರೊಟ್ಟಿ ಬಡಿಯುವ ಮನೆಯಾದರೆ ಹಂಚಿನ ಮೇಲೆ ಬಾಗದೆ ತುಸು ಹಿಂದೆ ಸರಿದು ನಿಲ್ಲಿ, ಕಿಟಕಿ ತೆರೆದಿಡಿ.

ಪ್ರಶ್ನೆ: ಔಷಧಿ ಅಂಗಡಿಯಿಂದ ತಂದ ಟ್ಯೂಬ್ ಒಂದನ್ನು ಎರಡು ವರ್ಷದಿಂದ ಹಚ್ಚುತ್ತಿದ್ದೇನೆ. ಬೆಳ್ಳಗಾಗಿದ್ದೆ. ಈಗ ಬಿಟ್ಟರೆ ಮುಖ ಉರಿಯುತ್ತದೆ, ಸಣ್ಣ ಕೆಂಪು ನರಗಳು ಕಾಣುತ್ತವೆ. ‘ಗ್ಲಾಸ್ ಸ್ಕಿನ್’ ಸೆಟ್ ಕೊಂಡರೆ ಸರಿಹೋದೀತೇ?
(ಹುಬ್ಬಳ್ಳಿ)

ಉತ್ತರ: ಗಾಜಿನಂತೆ ಹೊಳೆಯುವ ಚರ್ಮದ ಆಸೆಗೆ ಆ ಸೆಟ್ ಕೊಳ್ಳಬೇಡಿ, ಆ ಟ್ಯೂಬನ್ನು ಹಿಡಿದುಕೊಂಡು ಈ ವಾರವೇ ಚರ್ಮ ವೈದ್ಯರ ಬಳಿ ಹೋಗಿ. ಅದರ ಮೇಲೆ ಬೆಟಾಮೆಥಸೋನ್, ಮೊಮೆಟಸೋನ್, ಕ್ಲೋಬೆಟಸೋಲ್ ಎಂದು ಬರೆದಿದೆಯೇ ನೋಡಿ. ಅವು ಸ್ಟೀರಾಯ್ಡ್. ಹೆಚ್ಚು ಕಾಲ ಹಚ್ಚಿದರೆ ಚರ್ಮ ತೆಳ್ಳಗಾಗಿ ಒಳಗಿನ ರಕ್ತನಾಳ ಕಾಣತೊಡಗುತ್ತವೆ, ಬಿಟ್ಟರೆ ಉರಿ ಮರುಕಳಿಸುತ್ತದೆ, ಅದಕ್ಕೇ ಮತ್ತೆ ಹಚ್ಚಬೇಕು ಅನ್ನಿಸುತ್ತದೆ. ಇದು ನಿಮ್ಮ ತಪ್ಪಲ್ಲ, ಚೀಟಿ ಇಲ್ಲದೆ ಕೊಟ್ಟವರದು. ಎಷ್ಟು ಬೇಗ, ಹೇಗೆ ಬಿಡಬೇಕೆಂಬುದನ್ನು ವೈದ್ಯರೇ ಹೇಳಬೇಕು.

ಅಲ್ಲಿಯವರೆಗೆ ಮೂರೇ ವಸ್ತು: ನೊರೆ ಕಡಿಮೆಯ ಫೇಸ್‌ವಾಶ್, ಸುವಾಸನೆ ಇಲ್ಲದ ಸೆರಮೈಡ್ ಕ್ರೀಮ್, ಜಿಂಕ್ ಆಕ್ಸೈಡ್ ಸನ್‌ಸ್ಕ್ರೀನ್. ಆಸಿಡ್, ರೆಟಿನಾಲ್, ವಿಟಮಿನ್ ಸಿ, ಶೀಟ್ ಮಾಸ್ಕ್ ಯಾವುದೂ ಬೇಡ. ಹೋಳಿ ಹುಣ್ಣಿಮೆ, ರಂಗಪಂಚಮಿಯ ಬಣ್ಣಕ್ಕೂ ಈ ವರ್ಷ ಮುಖ ಒಡ್ಡಬೇಡಿ.

ಪ್ರಶ್ನೆ: ಅಂಗಡಿಯಲ್ಲಿ ಅರ್ಧ ಬೆಲೆಗೆ ಸಿಕ್ಕ ಕೊರಿಯನ್ ಕ್ರೀಮಿನ ಮೇಲೆ ಹೋದ ವರ್ಷದ ತಾರೀಖು ಇದೆ. ಅವಧಿ ಮುಗಿದಿದೆಯೇ?
(ಮುಂಡರಗಿ)

ಉತ್ತರ: ಕೊರಿಯಾದ ಡಬ್ಬಿಗಳಲ್ಲಿ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಎಂಟು ಅಂಕಿ ಇರುತ್ತವೆ. ಅದು ತಯಾರಾದ ದಿನವೂ ಆಗಿರಬಹುದು, ಮುಗಿಯುವ ದಿನವೂ ಆಗಿರಬಹುದು. ಅಂಕಿಯ ಪಕ್ಕದ ಕೊರಿಯನ್ ಪದ ಹೇಳುತ್ತದೆ. ಫೋನಿನ ಅನುವಾದ ಕ್ಯಾಮೆರಾವನ್ನು ಅದರ ಮೇಲೆ ಹಿಡಿಯಿರಿ. ತೆರೆದ ಡಬ್ಬಿಯ ಚಿತ್ರದೊಳಗೆ 12 ಎಂದಿದ್ದರೆ ತೆರೆದ ಮೇಲೆ ಹನ್ನೆರಡು ತಿಂಗಳು ಬಳಸಬಹುದು.

ಅದಕ್ಕಿಂತ ಮೊದಲು ನೋಡಬೇಕಾದದ್ದು ಆಮದುದಾರರ ಹೆಸರು, ವಿಳಾಸ, ಆಮದು ನೋಂದಣಿ ಸಂಖ್ಯೆ ಇರುವ ಚೀಟಿ. 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಭಾರತದಲ್ಲಿ ಮಾರುವ ಪ್ರತಿ ಆಮದು ಡಬ್ಬಿಯ ಮೇಲೂ ಇದು ಇರಬೇಕು. ಚೀಟಿ ಇಲ್ಲದ, ಅರ್ಧ ಬೆಲೆಯ ಡಬ್ಬಿಯನ್ನು ಮುಖಕ್ಕೆ ಹಚ್ಚಬೇಡಿ. ಚೀಟಿ ಇದ್ದರೆ ಬಟಾಣಿಯಷ್ಟನ್ನು ಮೊಣಕೈ ಒಳಭಾಗಕ್ಕೆ ದಿನಕ್ಕೆರಡು ಸಲದಂತೆ ಏಳು ದಿನ ಹಚ್ಚಿ ನೋಡಿ. ತುರಿಕೆ, ಕೆಂಪು ಬಾರದಿದ್ದರೆ ಎಂಟನೆಯ ದಿನ ಮುಖಕ್ಕೆ ಶುರುಮಾಡಿ. ಆ ವಾರ, ಮುಖಕ್ಕೆ ಹಚ್ಚುವ ಮೊದಲ ವಾರ, ಹೀಗೆ ಎರಡು ವಾರ ಬೇರೆ ಯಾವ ಹೊಸ ಡಬ್ಬಿಯನ್ನೂ ತೆರೆಯಬೇಡಿ.